ಸಿಮ್ ಕಂಪನಿಯ ಪಾಪ್-ಅಪ್ ನಿಲ್ಲಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ದಾವಣಗೆರೆ ಎಪಿಎಂಸಿ ಅಂಗಳ. ಮೆಕ್ಕೆಜೋಳದ ಚೀಲ ತೂಕಕ್ಕೆ ಹೋಗಿದೆ. ಹಮಾಲಿ ದುಡ್ಡು ಕೊಡೋಣವೆಂದು ಫೋನ್ ತೆಗೆದು ಯುಪಿಐ ಪಿನ್‌ನ ಮೂರು ಅಂಕಿ ಒತ್ತಿ ಆಗಿದೆ. ನಾಲ್ಕನೆಯದಕ್ಕೆ ಹೆಬ್ಬೆರಳು ಇಳಿಯುವಷ್ಟರಲ್ಲಿ ಪರದೆಯ ಮೇಲೆ ಒಂದು ಬಿಳಿ ಚೌಕ ಬಂದು ಕೂರುತ್ತದೆ: ಇವತ್ತಿನ ರಾಶಿಫಲ, ಕ್ರಿಕೆಟ್ ಸ್ಕೋರ್, ಹೊಸ ಹಲೋ ಟ್ಯೂನ್. ಕೆಳಗೆ ಬಲಕ್ಕೆ 'ಓಕೆ'. ಬೆರಳು ಬಿದ್ದದ್ದು ಅಲ್ಲೇ. ದುಡ್ಡು ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ಕೇಳದ ಸೇವೆಯೊಂದು ಶುರುವಾಗಿರಲೂಬಹುದು.

ಇದನ್ನು ನಿಲ್ಲಿಸಲು ಹೊರಟ ಬಹಳಷ್ಟು ಜನ ಸೋಲುವುದು ಹಂತಗಳನ್ನು ಹಿಂದೆ ಮುಂದೆ ಮಾಡಿದ್ದರಿಂದ. ಮೊದಲು ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ, ಸಿಮ್‌ನ ಮೆನು ತೋರಿಸುವ 'ಸಿಮ್ ಟೂಲ್‌ಕಿಟ್' ಆ್ಯಪನ್ನೇ ಬಂದ್ ಮಾಡುತ್ತಾರೆ. ಫೋನ್ ರೀಸ್ಟಾರ್ಟ್ ಆದ ಕೂಡಲೇ ಅದು ಮತ್ತೆ ಎದ್ದು ಕೂರುತ್ತದೆ. ಇಲ್ಲವೇ ಐಕಾನ್ ಮಾಯವಾಗಿ, ನಿಜವಾಗಿ ಒತ್ತಬೇಕಿದ್ದ 'ಸ್ಟಾಪ್' ಗುಂಡಿಗೆ ದಾರಿಯೇ ಮುಚ್ಚಿಹೋಗುತ್ತದೆ. ಇನ್ನು ಕೆಲವರು ಡಿಎನ್‌ಡಿ (ಜಾಹೀರಾತು ಕರೆ, ಎಸ್‌ಎಂಎಸ್‌ಗೆ ತಡೆ) ಹಾಕಿಸಿ ವಾರಗಟ್ಟಲೆ ಕಾಯುತ್ತಾರೆ. ಸಿಮ್ ಒಳಗಿನ ಸ್ವಿಚ್ಚೇ ಬೇರೆ, ಡಿಎನ್‌ಡಿಯೇ ಬೇರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ, ಇಲ್ಲಿ ಹಾರಿಸಿ ಎಂದು ಹೇಳಿದ್ದನ್ನು ಬಿಟ್ಟು ನಡುವೆ ಯಾವುದನ್ನೂ ಹಾರಿಸಬೇಡಿ.

## ಶುರು ಮಾಡುವ ಮುಂಚೆ ಕೈಗೆ ಬೇಕಾದ್ದು

ತೊಂದರೆ ಇರುವ ಸಿಮ್ ಅದೇ ಫೋನಿನಲ್ಲಿ ಇರಲಿ, ಟವರ್ ಚೆನ್ನಾಗಿ ಸಿಗುವ ಜಾಗದಲ್ಲಿ ಕುಳಿತುಕೊಳ್ಳಿ. ಸಿಮ್‌ನ ವ್ಯಾಲಿಡಿಟಿ ಮುಗಿದಿರಬಾರದು. ಕೆಲವು ಸಿಮ್‌ಗಳಲ್ಲಿ 'ಸ್ಟಾಪ್' ಒತ್ತಿದಾಗ ಸಿಮ್ ತಾನೇ ಕಂಪನಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ. ಹೊರಹೋಗುವ ಸೇವೆ ಬಂದ್ ಆಗಿದ್ದರೆ ಅದು ಹೋಗುವುದಿಲ್ಲ, ಪರದೆಯ ಮೇಲೆ ಮಾತ್ರ 'ಆಯಿತು' ಎಂಬಂತೆ ಕಾಣುತ್ತದೆ.

ಇವುಗಳ ಜೊತೆಗೆ ಸಿಮ್ ಟ್ರೇ ತೆಗೆಯುವ ಪಿನ್, ಪರೀಕ್ಷೆಗೆ ಮನೆಯವರದ್ದೊಂದು ಬೇರೆ ಫೋನ್, ದೂರಿನ ಸಂಖ್ಯೆ ಬರೆದುಕೊಳ್ಳಲು ಒಂದು ಚೀಟಿ ಇರಲಿ. ಎರಡು ಸಿಮ್ ಇದ್ದರೆ ಯಾವ ನಂಬರ್ ಯಾವ ಸ್ಲಾಟ್‌ನಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಹೊಸ ಸಿಮ್ ಹಾಕಿಸಿ 24 ಗಂಟೆ ಆಗಿಲ್ಲವಾದರೆ ಕಾಯಿರಿ. ಸಿಮ್ ಬದಲಿಸಿದ ಮೊದಲ 24 ಗಂಟೆ ಭದ್ರತೆಗಾಗಿ ಎಸ್‌ಎಂಎಸ್ ಬರುವುದೂ ಹೋಗುವುದೂ ನಿಂತಿರುತ್ತದೆ. ಆ ಹೊತ್ತಿನಲ್ಲಿ ಕಳಿಸಿದ ಯಾವ ಮೆಸೇಜೂ ತಲುಪದು.

## ಹಂತ 1: 'ಓಕೆ' ಒತ್ತುವುದನ್ನು ನಿಲ್ಲಿಸಿ

ಇಂದಿನಿಂದಲೇ ಪಾಪ್-ಅಪ್ ಬಂದಾಗ 'ಕ್ಯಾನ್ಸಲ್' ಅಥವಾ ಹಿಂದಕ್ಕೆ ಹೋಗುವ ಗುಂಡಿ ಮಾತ್ರ ಒತ್ತಿ. ಎರಡೂ ಆಗದಿದ್ದರೆ ಹೋಮ್ ಗುಂಡಿ. ಏನೂ ಒತ್ತದೆ ಬಿಟ್ಟರೂ ಹೆಚ್ಚಿನವು ಸ್ವಲ್ಪ ಹೊತ್ತಿಗೆ ತಾವೇ ಹೋಗುತ್ತವೆ.

'ಓಕೆ' ಎಂದರೆ 'ಓದಿದೆ' ಎಂದು ಬಹಳ ಜನ ತಿಳಿದಿದ್ದಾರೆ. ಸಿಮ್‌ನ ಪಾಪ್-ಅಪ್‌ನಲ್ಲಿ ಅದರ ಅರ್ಥ 'ಮುಂದಿನದನ್ನು ತೋರಿಸು' ಎಂದು. ಮೊದಲ 'ಓಕೆ'ಗೆ ಪಟ್ಟಿ ಬರುತ್ತದೆ, ಎರಡನೆಯದಕ್ಕೆ ಸೇವೆಯ ದರ ಸಣ್ಣಕ್ಷರದಲ್ಲಿ ಬರುತ್ತದೆ, ಮೂರನೆಯದಕ್ಕೆ ಒಪ್ಪಿಗೆ ಆಗಿಹೋಗುತ್ತದೆ. ಕಣ್ಣು ಮಂಜಾದ ಹಿರಿಯರು ಚೌಕ ಹೋಗಲಿ ಎಂದು 'ಓಕೆ, ಓಕೆ' ಒತ್ತುತ್ತಲೇ ಹೋಗುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನ ಫೋನ್‌ನಲ್ಲಿ ಈ ಕಾಟ ಇದ್ದರೆ ಅವರಿಗೆ ಇದೊಂದನ್ನು ಬಿಡಿಸಿ ಹೇಳಿ: 'ಓಕೆ ಒತ್ತಬೇಡಿ, ಎಡಗಡೆಯದ್ದು ಒತ್ತಿ' ಎನ್ನುವುದು ಸಾಲದು, ಏಕೆಂದರೆ ಕೆಲವು ಫೋನ್‌ಗಳಲ್ಲಿ ಗುಂಡಿಗಳ ಜಾಗ ಅದಲು ಬದಲು. ಆ ಫೋನಿನಲ್ಲೇ ತೋರಿಸಿಕೊಡಿ.

ಮುಂದಿನ ಸಲ ಚೌಕ ಬಂದಾಗ, ಆಂಡ್ರಾಯ್ಡ್ ಫೋನ್ ಆದರೆ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಒಟ್ಟಿಗೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ಕೀಪ್ಯಾಡ್ ಫೋನ್ ಆದರೆ ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಇಂಥ ಮೆಸೇಜ್ ಇನ್‌ಬಾಕ್ಸ್‌ನಲ್ಲಿ ಉಳಿಯುವುದಿಲ್ಲ. ಆಮೇಲೆ ದೂರು ಕೊಡುವಾಗ ಈ ಫೋಟೊ ಒಂದೇ ಸಾಕ್ಷಿ.

## ಹಂತ 2: ಬರುತ್ತಿರುವುದು ಸಿಮ್‌ನಿಂದಲೋ, ಆ್ಯಪ್‌ನಿಂದಲೋ?

ನೋಡಲು ಒಂದೇ ಥರ ಕಂಡರೂ ಪಾಪ್-ಅಪ್‌ಗಳ ಮೂಲ ಬೇರೆ ಬೇರೆ. ಮೂಲ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಈ ಹಂತಕ್ಕೆ ಒಂದು ದಿನ ಹಿಡಿದರೂ ಪರವಾಗಿಲ್ಲ, ಸಮಯ ಕೊಡಿ.

ನೋಟದ ಗುರುತು. ಸಿಮ್‌ನಿಂದ ಬರುವ ಚೌಕ ಬೋಳು ಬೋಳಾಗಿರುತ್ತದೆ. ಚಿತ್ರ ಇಲ್ಲ, ಬಣ್ಣದ ಗುಂಡಿ ಇಲ್ಲ, ಮೂಲೆಯಲ್ಲಿ ಮುಚ್ಚುವ '×' ಗುರುತಿಲ್ಲ. ಮೇಲೆ ಕಂಪನಿಯ ಹೆಸರು ಇಲ್ಲವೇ 'ಸಿಮ್ ಟೂಲ್‌ಕಿಟ್' ಎಂಬ ಹೆಸರು, ಕೆಳಗೆ 'ಓಕೆ', 'ಕ್ಯಾನ್ಸಲ್'. ಚಿತ್ರ, ವಿಡಿಯೊ, 'ಇನ್‌ಸ್ಟಾಲ್' ಗುಂಡಿ ಇದ್ದರೆ ಅದು ಆ್ಯಪ್‌ನದ್ದು. 'ಕ್ಯಾನ್ಸಲ್' ಜೊತೆಗೆ 'ಸೇವ್' ಎಂದಿದ್ದರೆ ಅದು ಫ್ಲ್ಯಾಶ್ ಎಸ್‌ಎಂಎಸ್: ನೆಟ್‌ವರ್ಕ್‌ನಿಂದ ನೇರವಾಗಿ ಪರದೆಗೆ ಬರುವ ಮೆಸೇಜ್.

ನೆಟ್ ಬಂದ್ ಪರೀಕ್ಷೆ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಅರ್ಧ ದಿನ ಬಂದ್ ಮಾಡಿಡಿ. ಆಗಲೂ ಬಂದರೆ ಅದು ಸಿಮ್ ಅಥವಾ ನೆಟ್‌ವರ್ಕ್ ಕಡೆಯದ್ದು, ಏಕೆಂದರೆ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಪೂರ್ತಿ ನಿಂತರೆ ಆ್ಯಪ್‌ನದ್ದೇ ಇರಬೇಕು.

ಸಿಮ್ ಬದಲಿಸುವ ಪರೀಕ್ಷೆ. ನೆಟ್ ಬಂದ್ ಮಾಡಿಯೂ ಅನುಮಾನ ಉಳಿದರೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಕಾಟ ಸಿಮ್ ಹಿಂದೆಯೇ ಹೋಯಿತು ಎಂದರೆ ಸಿಮ್‌ನದ್ದು. ಹಳೆಯ ಫೋನಿನಲ್ಲೇ ಉಳಿಯಿತು ಎಂದರೆ ಫೋನಿನದ್ದು. ಇ-ಸಿಮ್ ಆದರೆ ತೆಗೆಯಲಾಗದು. ಸೆಟ್ಟಿಂಗ್ಸ್‌ನಲ್ಲಿ ಆ ನಂಬರನ್ನು ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ಬ್ಯಾಂಕ್ ಆ್ಯಪ್‌ಗಳು ಸಿಮ್ ತೆಗೆದ ಮೇಲೆ ನಂಬರ್ ಮತ್ತೆ ಖಾತ್ರಿ ಮಾಡಲು ಕೇಳಬಹುದು, ದುಡ್ಡು ಕಟ್ಟುವ ತುರ್ತು ಇರುವ ದಿನ ಈ ಪರೀಕ್ಷೆ ಬೇಡ.

ಸೇಫ್ ಮೋಡ್ ಪರೀಕ್ಷೆ. ಆಂಡ್ರಾಯ್ಡ್ ಫೋನಿನಲ್ಲಿ ಪವರ್ ಗುಂಡಿ ಒತ್ತಿ ಹಿಡಿದು, 'ಪವರ್ ಆಫ್' ಮೇಲೆ ಬೆರಳು ಇಟ್ಟು ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ 'ಸೇಫ್ ಮೋಡ್' ಬರುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಮಲಗಿರುತ್ತವೆ, ಸಿಮ್ ಟೂಲ್‌ಕಿಟ್ ಎಚ್ಚರವಾಗಿರುತ್ತದೆ. ಸೇಫ್ ಮೋಡ್‌ನಲ್ಲೂ ಚೌಕ ಬಂದರೆ ನೀವು ಹಾಕಿಕೊಂಡ ಆ್ಯಪ್‌ಗಳ ಮೇಲಿನ ಅನುಮಾನ ಬಿಡಬಹುದು.

ಸಮಯವನ್ನೂ ಗಮನಿಸಿ. ಕಾಲ್ ಮುಗಿದ ಕ್ಷಣಕ್ಕೆ ಮಾತ್ರ ಬರುವ ಚೌಕ ಎರಡು ಥರದ್ದು. ಬ್ಯಾಲೆನ್ಸ್, ಕಾಲ್‌ನ ಖರ್ಚು ತೋರಿಸಿದರೆ ಕಂಪನಿಯದ್ದು. ಕರೆ ಮಾಡಿದವರ ಹೆಸರು, ಫೋಟೊ, ಅದರ ಕೆಳಗೆ ಜಾಹೀರಾತು ತೋರಿಸಿದರೆ ಟ್ರೂಕಾಲರ್‌ನಂಥ ಆ್ಯಪ್‌ನದ್ದು. ಇವೆರಡನ್ನು ಒಂದೇ ಎಂದು ತಿಳಿದು ಕಸ್ಟಮರ್ ಕೇರ್ ಜೊತೆ ಜಗಳ ಆಡುವವರು ಬಹಳ.

ಸಿಮ್‌ನದ್ದೆಂದು ಖಾತ್ರಿಯಾದರೆ ಹಂತ 3 ಮತ್ತು 4. ಆ್ಯಪ್‌ನದ್ದಾದರೂ ಹಂತ 3 ಮಾಡಿಯೇ ಹಂತ 6ಕ್ಕೆ ಹೋಗಿ.

## ಹಂತ 3: ದುಡ್ಡು ಸೋರುತ್ತಿದೆಯೇ ನೋಡಿ (155223)

ಚೌಕ ನಿಲ್ಲಿಸುವ ಮುಂಚೆ ಇದನ್ನು ಮಾಡಬೇಕು. ಹಿಂದೆ ಎಂದೋ 'ಓಕೆ' ಬಿದ್ದು ಹಲೋ ಟ್ಯೂನೋ ರಾಶಿಫಲವೋ ಶುರುವಾಗಿದ್ದರೆ, ಪಾಪ್-ಅಪ್ ನಿಂತರೂ ದುಡ್ಡು ಕತ್ತರಿಸುವುದು ನಿಲ್ಲುವುದಿಲ್ಲ. ಕಾಟ ನಿಂತಿತೆಂದು ನೀವು ನೋಡುವುದನ್ನೇ ಬಿಡುತ್ತೀರಿ, ಬ್ಯಾಲೆನ್ಸ್ ಮಾತ್ರ ಕರಗುತ್ತಿರುತ್ತದೆ.

ಇಂಥ ಮೌಲ್ಯವರ್ಧಿತ ಸೇವೆಗಳನ್ನು ಬಂದ್ ಮಾಡಲು ಎಲ್ಲ ಕಂಪನಿಗಳಿಗೂ ಸೇರಿ ಇರುವ ಟೋಲ್-ಫ್ರೀ ಸಂಖ್ಯೆ 155223. ತೊಂದರೆ ಇರುವ ಸಿಮ್‌ನಿಂದಲೇ ಕರೆ ಮಾಡಿ, ಅಥವಾ 'ಸ್ಟಾಪ್' ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎಸ್‌ಎಂಎಸ್ ಮಾಡಿ. ಯಾವ ಸೇವೆ ಚಾಲೂ ಇದೆ ಎಂಬ ಉತ್ತರ ಬರುತ್ತದೆ, ಅದರಲ್ಲಿ ಹೇಳಿದಂತೆ ಒಂದೊಂದನ್ನೇ ನಿಲ್ಲಿಸಿ. ಎರಡು ಮೂರು ಸೇವೆ ಇದ್ದರೆ ಒಂದನ್ನು ನಿಲ್ಲಿಸಿ ಉಳಿದದ್ದು ಮರೆಯುವುದು ಸಾಮಾನ್ಯ ತಪ್ಪು. ಕೊನೆಗೆ ಇನ್ನೊಮ್ಮೆ ಕೇಳಿ, 'ಯಾವ ಸೇವೆಯೂ ಇಲ್ಲ' ಎಂಬ ಉತ್ತರ ಬರುವ ತನಕ ಬಿಡಬೇಡಿ.

ನಿಮ್ಮ ಒಪ್ಪಿಗೆ ಇಲ್ಲದೆ ಸೇವೆ ಶುರುವಾಗಿದ್ದರೆ 24 ಗಂಟೆಯೊಳಗೆ ದೂರು ಕೊಡಿ, ಕತ್ತರಿಸಿದ ದುಡ್ಡು ವಾಪಸ್ ಕೇಳಿ. ದಿನಗಳು ಕಳೆದಷ್ಟೂ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ಸಂಖ್ಯೆ ತಪ್ಪಬಾರದು. 'ಸ್ಟಾಪ್' ಎಂದು 1925ಕ್ಕೆ ಕಳಿಸಿದರೆ ನಿಮ್ಮ ಮೊಬೈಲ್ ಇಂಟರ್‌ನೆಟ್ ಬಂದ್ ಆಗುತ್ತದೆ. ಫೋನ್‌ಪೇ, ವಾಟ್ಸ್‌ಆ್ಯಪ್ ಎಲ್ಲ ನಿಂತು, ಫೋನ್ ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಓಡುವಂತಾಗುತ್ತದೆ. ಆಗಿಹೋಗಿದ್ದರೆ 'ಸ್ಟಾರ್ಟ್' ಎಂದು ಅದೇ 1925ಕ್ಕೆ ಕಳಿಸಿದರೆ ಸರಿಹೋಗುತ್ತದೆ.

## ಹಂತ 4: ಸಿಮ್ ಮೆನುವಿನಲ್ಲಿ 'ಸ್ಟಾಪ್' ಒತ್ತುವುದು

ಇಡೀ ಕೆಲಸದ ಗಂಟು ಇಲ್ಲಿದೆ. ಸಿಮ್ ಕಾರ್ಡ್‌ನ ಚಿಪ್ ಒಳಗೇ ಒಂದು ಪುಟ್ಟ ಪ್ರೋಗ್ರಾಂ ಕೂತಿರುತ್ತದೆ, ಚೌಕ ಹೊರಡುವುದು ಅಲ್ಲಿಂದ. ಫೋನ್‌ನಲ್ಲಿರುವ 'ಸಿಮ್ ಟೂಲ್‌ಕಿಟ್' ಅದನ್ನು ಪರದೆಗೆ ತರುವ ಕಿಟಕಿ ಅಷ್ಟೆ. ಕಿಟಕಿ ಮುಚ್ಚಿದರೆ ಒಳಗಿರುವವನು ಸುಮ್ಮನಾಗುವುದಿಲ್ಲ. ಕಿಟಕಿಯ ಮೂಲಕವೇ ಒಳಗೆ ಕೈ ಹಾಕಿ ಅವನನ್ನು ಸುಮ್ಮನಾಗಿಸಬೇಕು.

ಮೆನು ಎಲ್ಲಿದೆ? ಆಂಡ್ರಾಯ್ಡ್ ಫೋನಿನ ಆ್ಯಪ್ ಪಟ್ಟಿಯಲ್ಲಿ 'ಸಿಮ್ ಟೂಲ್‌ಕಿಟ್' ಎಂದು ಹುಡುಕಿ. ಶಿಯೋಮಿ, ರಿಯಲ್‌ಮಿ, ಒಪ್ಪೊದಂಥ ಫೋನ್‌ಗಳಲ್ಲಿ 'ಟೂಲ್ಸ್' ಫೋಲ್ಡರ್ ಒಳಗೆ ಅವಿತಿರಬಹುದು. ಕೆಲವು ಫೋನ್‌ಗಳಲ್ಲಿ ಐಕಾನ್ ಕೆಳಗೆ ಸಿಮ್ ಕಂಪನಿಯ ಹೆಸರೇ ಇರುತ್ತದೆ. ಎರಡು ಸಿಮ್ ಇದ್ದರೆ ತೆರೆದ ಕೂಡಲೇ ಯಾವ ಸಿಮ್ ಎಂದು ಕೇಳುತ್ತದೆ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, 'ಮೊಬೈಲ್ ಸರ್ವಿಸ್' (ಹಳೆಯದರಲ್ಲಿ 'ಮೊಬೈಲ್ ಡೇಟಾ') ಒಳಗೆ ನಿಮ್ಮ ನಂಬರ್ ಆರಿಸಿ, ಕೆಳಗೆ 'ಸಿಮ್ ಅಪ್ಲಿಕೇಶನ್ಸ್' ಒತ್ತಿ.

ಕೀಪ್ಯಾಡ್ ಫೋನ್‌ಗಳಲ್ಲಿ ಮುಖ್ಯ ಮೆನುವಿನ ಕೊನೆಯ ಸಾಲಿನಲ್ಲಿ ಕಂಪನಿಯ ಹೆಸರಿರುತ್ತದೆ, ಇಲ್ಲದಿದ್ದರೆ 'ಆ್ಯಪ್ಸ್' ಅಥವಾ 'ಎಕ್ಸ್‌ಟ್ರಾಸ್' ಒಳಗೆ ನೋಡಿ.

ಏರ್‌ಟೆಲ್. ಮೆನುವಿನಲ್ಲಿ 'ಏರ್‌ಟೆಲ್ ನೌ!' ಆರಿಸಿ. ಅದರೊಳಗೆ 'ಸ್ಟಾರ್ಟ್/ಸ್ಟಾಪ್', ಅದರಲ್ಲಿ 'ಸ್ಟಾಪ್'. ಪರದೆಯ ಮೇಲೆ ಸೇವೆ ನಿಂತಿತು ಎಂಬ ಮಾತು ಬರುವವರೆಗೆ ಹೊರಗೆ ಬರಬೇಡಿ.

ವಿ. ವೊಡಾಫೋನ್ ಕಾಲದ ಸಿಮ್‌ಗಳಲ್ಲಿ 'ಫ್ಲ್ಯಾಶ್!' ಎಂಬ ಸಾಲು ಇರುತ್ತದೆ. ಅದರೊಳಗೆ 'ಆ್ಯಕ್ಟಿವೇಶನ್', ಆಮೇಲೆ 'ಡೀಆ್ಯಕ್ಟಿವೇಟ್'. ಐಡಿಯಾ ಕಾಲದ ಹಳೆಯ ಸಿಮ್‌ನಲ್ಲಿ ಸಾಲುಗಳ ಹೆಸರು ಬೇರೆ ಇರಬಹುದು.

ಬಿಎಸ್‌ಎನ್‌ಎಲ್. 'ಬಿಎಸ್‌ಎನ್‌ಎಲ್ ಮೊಬೈಲ್', ಅದರೊಳಗೆ 'ಬಝ್ ಸರ್ವಿಸ್', ಮುಂದೆ 'ಆ್ಯಕ್ಟಿವೇಶನ್', ಕೊನೆಗೆ 'ಡೀಆ್ಯಕ್ಟಿವೇಟ್'. 'ಆ್ಯಕ್ಟಿವೇಶನ್' ಎಂಬ ಪದ ನೋಡಿ, ಇದು ಶುರು ಮಾಡುವ ಜಾಗ ಎಂದು ಹೆದರಿ ವಾಪಸ್ ಬರುವವರು ಇದ್ದಾರೆ. ಹೆದರಬೇಡಿ, ನಿಲ್ಲಿಸುವ ಆಯ್ಕೆಯೂ ಅದರೊಳಗೇ ಇದೆ.

ಜಿಯೊ. ಇದರಲ್ಲಿ ಕಾಣುವುದು ಹೆಚ್ಚಾಗಿ ಮೈಜಿಯೊ ಆ್ಯಪ್‌ನ ಸೂಚನೆಗಳು. ಹಂತ 6 ನೋಡಿ.

ಸಿಮ್ ಎಷ್ಟು ಹಳೆಯದು ಎಂಬುದರ ಮೇಲೆ ಸಾಲುಗಳ ಹೆಸರು ಬದಲಾಗುತ್ತದೆ. ಮೇಲಿನ ಹೆಸರು ಸಿಗದಿದ್ದರೆ 'ಸ್ಟಾರ್ಟ್/ಸ್ಟಾಪ್', 'ಆನ್/ಆಫ್', 'ಆ್ಯಕ್ಟಿವೇಶನ್', 'ಸೆಟ್ಟಿಂಗ್ಸ್' ಈ ನಾಲ್ಕರಲ್ಲಿ ಯಾವುದಾದರೂ ಇದೆಯೇ ಎಂದು ಒಂದೊಂದು ಸಾಲನ್ನೂ ತೆರೆದು ನೋಡಿ. ಹಾಡು, ಕ್ರಿಕೆಟ್, ಜ್ಯೋತಿಷ್ಯ, ಆಟ ಎಂದಿರುವ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಅವು ದುಡ್ಡು ಕತ್ತರಿಸುವ ಸೇವೆಗಳ ಬಾಗಿಲು.

'ಸ್ಟಾಪ್' ಆದ ಮೇಲೆ ಫೋನ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಮತ್ತೆ ಮೆನು ತೆರೆದು ಆಯ್ಕೆ 'ಸ್ಟಾಪ್'ನಲ್ಲೇ ನಿಂತಿದೆಯೇ ನೋಡಿ. ಒಂದು ದಿನ ಕಾಯಿರಿ. ಆಗಲೇ ಹೊರಟ ಒಂದೆರಡು ಮೆಸೇಜ್ ತಡವಾಗಿ ಬರಬಹುದು, ಅದಕ್ಕೆ ಗಾಬರಿ ಬೇಡ.

ಇಲ್ಲಿ ತಪ್ಪುವುದು ಎಲ್ಲಿ? ಎರಡು ಸಿಮ್ ಇರುವವರು ಸ್ಲಾಟ್ 1ರಲ್ಲಿ 'ಸ್ಟಾಪ್' ಒತ್ತುತ್ತಾರೆ, ಕಾಟ ಕೊಡುತ್ತಿದ್ದದ್ದು ಸ್ಲಾಟ್ 2. ಇನ್ನೊಂದು, 'ಸಿಮ್ ಸಂದೇಶ ಕಳಿಸಲು ಅನುಮತಿ ಕೊಡಲೇ' ಎಂದು ಫೋನ್ ಕೇಳುತ್ತದೆ. ಪಾಪ್-ಅಪ್ ಮೇಲಿನ ಸಿಟ್ಟಿಗೆ 'ಬೇಡ' ಎನ್ನುತ್ತಾರೆ. ನೀವೇ 'ಸ್ಟಾಪ್' ಒತ್ತಿದ ಕೂಡಲೇ ಈ ಪ್ರಶ್ನೆ ಬಂದರೆ ಅನುಮತಿ ಕೊಡಬೇಕು. ನೀವು ಏನೂ ಮಾಡದೆ ತಾನಾಗಿ ಬಂದರೆ ಕೊಡಬಾರದು.

ಐಕಾನೇ ಸಿಗುತ್ತಿಲ್ಲವೇ? ಹಿಂದೆ ಯಾರೋ ಅದನ್ನು ಬಂದ್ ಮಾಡಿರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ 'ಶೋ ಸಿಸ್ಟಮ್' ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ಪಟ್ಟಿಯ ಪಕ್ಕದ ಫಿಲ್ಟರ್ ಗುರುತು ಒತ್ತಿ ಸಿಸ್ಟಮ್ ಆ್ಯಪ್‌ಗಳನ್ನು ತೋರಿಸುವಂತೆ ಮಾಡಿ. 'ಸಿಮ್ ಟೂಲ್‌ಕಿಟ್' ಸಿಕ್ಕರೆ 'ಎನೇಬಲ್' ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ, ಈ ಹಂತವನ್ನು ಮತ್ತೆ ಶುರು ಮಾಡಿ. ಆಗಲೂ ಇಲ್ಲವಾದರೆ ನಿಮ್ಮ ಸಿಮ್‌ನಲ್ಲಿ ಮೆನುವೇ ಇಲ್ಲದಿರಬಹುದು. ಹಾಗಿದ್ದರೆ ನಿಮಗೆ ಬರುತ್ತಿರುವುದು ಫ್ಲ್ಯಾಶ್ ಎಸ್‌ಎಂಎಸ್, ಅದನ್ನು ಫೋನಿನಲ್ಲಿ ತಡೆಯುವ ಸ್ವಿಚ್ ಇಲ್ಲ. ಹಂತ 7 ಮತ್ತು 8ರ ಮೂಲಕ ಕಂಪನಿಯೇ ನಿಲ್ಲಿಸಬೇಕು.

ಸಿಮ್ ಮೆನುವಿನಲ್ಲಿ 'ಸ್ಟಾಪ್' ಆದ ಮೇಲೂ ಫೋನ್ ಆನ್ ಮಾಡಿದಾಗಲೆಲ್ಲ ಟೂಲ್‌ಕಿಟ್‌ನ ಸೂಚನೆ ಮೇಲಿನ ಪಟ್ಟಿಯಲ್ಲಿ ಕೂರುತ್ತಿದ್ದರೆ, ಈಗ ಮಾತ್ರ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದರ 'ನೋಟಿಫಿಕೇಶನ್' ಆಫ್ ಮಾಡಿ. ಆ್ಯಪನ್ನು ಕಿತ್ತು ಹಾಕುವ ದಾರಿ ಹುಡುಕಬೇಡಿ, ಕಂಪ್ಯೂಟರಿಗೆ ಜೋಡಿಸಿ ತೆಗೆಯುತ್ತೇವೆ ಎನ್ನುವವರ ಕೈಗೂ ಕೊಡಬೇಡಿ.

## ಹಂತ 5: ಕಾಲ್ ಮುಗಿದ ಮೇಲಿನ ಬ್ಯಾಲೆನ್ಸ್ ಚೌಕ

ಪ್ರೀಪೇಯ್ಡ್ ಗ್ರಾಹಕರಿಗೆ ಬಳಕೆಯ ಲೆಕ್ಕ ತಿಳಿಸಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮ. ಹಾಗಾಗಿ ಇದನ್ನು ಪೂರ್ತಿ ನಿಲ್ಲಿಸುವ ಗುಂಡಿ ನಿಮ್ಮ ಫೋನಿನಲ್ಲಿ ಇಲ್ಲ. ಇದರಲ್ಲಿ 'ಓಕೆ' ಒತ್ತಿದರೆ ದುಡ್ಡು ಹೋಗದು. ಆದರೆ ಲೆಕ್ಕದ ಕೆಳಗೆ 'ಈ ಪ್ಯಾಕ್ ಬೇಕಾದರೆ 1 ಒತ್ತಿ' ಎಂದು ಜಾಹೀರಾತು ಅಂಟಿಸಿ ಉತ್ತರ ಬರೆಯುವ ಖಾಲಿ ಜಾಗ ಕೊಟ್ಟಿದ್ದರೆ, ಅಲ್ಲಿ ಏನನ್ನೂ ಬರೆಯದೆ 'ಕ್ಯಾನ್ಸಲ್' ಮಾಡಿ. ಆ ಜಾಹೀರಾತಿನ ಭಾಗ ನಿಲ್ಲಿಸಿ ಎಂದು ಕಂಪನಿಯ ದೂರಿನ ಸಂಖ್ಯೆ 198ರಲ್ಲಿ ಕೇಳಬಹುದು.

## ಹಂತ 6: ಆ್ಯಪ್‌ಗಳಿಂದ ಬರುವುದು

ಏರ್‌ಟೆಲ್ ಥ್ಯಾಂಕ್ಸ್, ಮೈಜಿಯೊ, ವಿ ಆ್ಯಪ್‌ಗಳು ರೀಚಾರ್ಜ್‌ಗೆ ಬೇಕು, ತೆಗೆಯಬೇಕಿಲ್ಲ. ಅವಕ್ಕೆ ಕೊಟ್ಟಿರುವ ಎರಡು ಅನುಮತಿ ಹಿಂತೆಗೆದುಕೊಂಡರೆ ಸಾಕು.

ಮೊದಲನೆಯದು: ಸೆಟ್ಟಿಂಗ್ಸ್, 'ಆ್ಯಪ್ಸ್', 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್', 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್'. ಬೇರೆ ಆ್ಯಪ್‌ಗಳ ಮೇಲೆ ಹತ್ತಿ ಕೂರುವ ಹಕ್ಕು ಯಾರಿಗೆ ಇದೆ ಎಂಬ ಪಟ್ಟಿ ಇದು. ಇಲ್ಲಿ ನಿಮಗೆ ಗೊತ್ತಿಲ್ಲದ ಹೆಸರುಗಳು ಕಂಡರೆ ಆಶ್ಚರ್ಯಪಡಬೇಡಿ: ಟಾರ್ಚ್, ಗ್ಯಾಲರಿ ಕ್ಲೀನರ್, ಯಾವುದೋ ಸಾಲದ ಆ್ಯಪ್. ಬೇಡದ್ದನ್ನೆಲ್ಲ ಆಫ್ ಮಾಡಿ. ಎರಡನೆಯದು ಆಯಾ ಆ್ಯಪ್‌ನ 'ನೋಟಿಫಿಕೇಶನ್'. ಪೂರ್ತಿ ಆಫ್ ಮಾಡುವ ಬದಲು ಒಳಗೆ ಹೋಗಿ 'ಆಫರ್', 'ಪ್ರಮೋಶನ್' ಎಂದಿರುವುದನ್ನು ಮಾತ್ರ ಆಫ್ ಮಾಡಿದರೆ ಪ್ಯಾಕ್ ಮುಗಿಯುವ ಸೂಚನೆ ಉಳಿಯುತ್ತದೆ.

ಟ್ರೂಕಾಲರ್‌ನ ಕಾಲ್ ನಂತರದ ಕಿಟಕಿಯನ್ನು ಅದೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬೇಕು. ಕ್ರೋಮ್‌ನಲ್ಲಿ ಯಾವುದೋ ಜಾಲತಾಣಕ್ಕೆ 'ಅಲೋ' ಒತ್ತಿ ಬರುವ ಸೂಚನೆಗಳನ್ನು ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ತೆಗೆಯಬೇಕು. ಲಾಕ್ ಪರದೆಯ ಮೇಲೆ ಬದಲಾಗುತ್ತಿರುವ ಚಿತ್ರ, ಸುದ್ದಿ ಬಂದರೆ ಅದು ಫೋನ್ ತಯಾರಕರು ಹಾಕಿರುವ ಗ್ಲಾನ್ಸ್‌ನಂಥದ್ದು. ಸಿಮ್ ಕಂಪನಿಗೆ ಅದರ ಸಂಬಂಧವಿಲ್ಲ.

## ಹಂತ 7: 1909ರಲ್ಲಿ ಡಿಎನ್‌ಡಿ

ಇದು ಜಾಹೀರಾತು ಎಸ್‌ಎಂಎಸ್, ಕರೆಗಳಿಗೆ. ಸಿಮ್ ಮೆನುವಿನ ಚೌಕಕ್ಕೆ ಇದರಿಂದ ತಡೆ ಬೀಳುತ್ತದೆ ಎಂದು ನಂಬಿ ಕೂರಬೇಡಿ, ಆದರೆ ಹಂತ 4ರ ಜೊತೆಗೆ ಇದೂ ಬೇಕು.

ಮೆಸೇಜ್‌ನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಸ್ಟಾರ್ಟ್' ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಅಂಕಿ ಹಾಕಿ 1909ಕ್ಕೆ ಕಳಿಸಿ. ಸೊನ್ನೆಯ ಬದಲು ಇಂಗ್ಲಿಷ್ 'ಓ' ಅಕ್ಷರ ಹಾಕಿ ಸೋಲುವವರೂ ಇದ್ದಾರೆ. ಇದು ಟೋಲ್-ಫ್ರೀ. ಬರೆಯಲು ಕಷ್ಟವಾದರೆ 1909ಕ್ಕೆ ಕರೆ ಮಾಡಿ ಹೇಳಿದಂತೆ ಒತ್ತುತ್ತಾ ಹೋಗಬಹುದು. ದಾಖಲಾಯಿತು ಎಂಬ ಉತ್ತರ ಬಂದರೆ ಅಳಿಸದೆ ಇಟ್ಟುಕೊಳ್ಳಿ.

ಸೊನ್ನೆ ಎಂದರೆ ಎಲ್ಲ ಬಗೆಯ ಜಾಹೀರಾತಿಗೂ ತಡೆ. ಬಗೆಬಗೆಯ ಜಾಹೀರಾತಿಗೆ 1ರಿಂದ 8ರವರೆಗೆ ಬೇರೆ ಬೇರೆ ಸಂಖ್ಯೆಗಳೂ ಇವೆ: 1 ಬ್ಯಾಂಕ್ ಮತ್ತು ವಿಮೆ, 2 ಸೈಟು ಮನೆ, 3 ಶಿಕ್ಷಣ, 4 ಆರೋಗ್ಯ, 5 ಗ್ರಾಹಕ ವಸ್ತು ಮತ್ತು ವಾಹನ, 6 ದೂರಸಂಪರ್ಕ ಮತ್ತು ಮನರಂಜನೆ, 7 ಪ್ರವಾಸ, 8 ಆಹಾರ. ಪೂರ್ತಿ ತಡೆ ಹಾಕಿದರೂ ಒಟಿಪಿ, ಖಾತೆಯ ಜಮಾ ಖರ್ಚಿನ ಮೆಸೇಜ್ ಬರುತ್ತಲೇ ಇರುತ್ತವೆ. ಅಡಿಕೆ ದುಡ್ಡು ಖಾತೆಗೆ ಬಿದ್ದದ್ದು ಗೊತ್ತಾಗದೇ ಹೋದೀತೆಂದು ಚನ್ನಗಿರಿ ಕಡೆಯ ಬೆಳೆಗಾರರು ಹಿಂಜರಿಯಬೇಕಿಲ್ಲ. ನಮ್ಮ ಸಲಹೆ ಸೊನ್ನೆಯೇ.

ದೊಡ್ಡ ತಪ್ಪೊಂದಿದೆ. 'ಮೆಸೇಜ್ ನಿಲ್ಲಲಿ' ಎಂದು 1909ಕ್ಕೆ 'ಸ್ಟಾಪ್' ಕಳಿಸುವುದು. ಇಲ್ಲಿ 'ಸ್ಟಾರ್ಟ್' ಎಂದರೆ ತಡೆ ಶುರು ಮಾಡು, 'ಸ್ಟಾಪ್' ಎಂದರೆ ತಡೆ ತೆಗೆದುಹಾಕು. 155223ಕ್ಕೆ 'ಸ್ಟಾಪ್', 1909ಕ್ಕೆ 'ಸ್ಟಾರ್ಟ್'. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಜಾಹೀರಾತು ಬಂದರೆ ಮೆಸೇಜ್ ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಆದ ಮೇಲಿನ ಅಕ್ಷರ ನೋಡಿ. ಇಂಗ್ಲಿಷ್‌ನ 'ಪಿ' ಇದ್ದರೆ ಜಾಹೀರಾತು, 'ಎಸ್' ಸೇವೆಯದ್ದು, 'ಟಿ' ವ್ಯವಹಾರದ್ದು, 'ಜಿ' ಸರ್ಕಾರದ್ದು. 'ಪಿ' ಇರುವುದಕ್ಕೆ 7 ದಿನದೊಳಗೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೋ 1909ರಲ್ಲೋ ದೂರು ಕೊಡಿ.

ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಹಳ್ಳಿಗಳಲ್ಲಿ ಫೋನ್ ಆಗಾಗ ಆಂಧ್ರದ ಟವರ್ ಹಿಡಿದು ತೆಲುಗಿನ ಸ್ವಾಗತ ಮೆಸೇಜ್ ಬರುವುದುಂಟು. ಅದು ರೋಮಿಂಗ್ ಸೂಚನೆ, ಜಾಹೀರಾತಲ್ಲ. ಡಿಎನ್‌ಡಿಗೂ ಸಿಮ್ ಮೆನುವಿಗೂ ಅದು ಬಗ್ಗುವುದಿಲ್ಲ, ಅದಕ್ಕಾಗಿ ಹೊತ್ತು ಕಳೆಯಬೇಡಿ.

## ಹಂತ 8: ದೂರು, ದೂರಿನ ಸಂಖ್ಯೆ, ಮೇಲ್ಮನವಿ

ಹಂತ 4 ಆಗಿ ಎರಡು ದಿನ ಕಳೆದರೂ ಚೌಕ ಬರುತ್ತಿದ್ದರೆ 198ಕ್ಕೆ ಕರೆ ಮಾಡಿ. ಅದು ದೂರಿಗೆಂದೇ ಇರುವ ಟೋಲ್-ಫ್ರೀ ಸಂಖ್ಯೆ, ಏರ್‌ಟೆಲ್‌ನ 121ರಂಥವು ಮಾಹಿತಿಗೆ. ಭಾಷೆ ಕೇಳಿದಾಗ ಕನ್ನಡ ಆರಿಸಿ. 'ತುಂಬಾ ಮೆಸೇಜ್ ಬರ್ತಿದಾವೆ' ಎಂದರೆ ಆ ಕಡೆಯವರು ಡಿಎನ್‌ಡಿ ಹಾಕಿ ಫೋನ್ ಇಡುತ್ತಾರೆ. ಬಿಡಿಸಿ ಹೀಗೆ ಹೇಳಿ:

'ಮೇಡಂ, ನನ್ನ ಡಿಎನ್‌ಡಿ ಆಗಲೇ ಇದೆ. ಇದು ಇನ್‌ಬಾಕ್ಸ್‌ಗೆ ಬರೋ ಮೆಸೇಜ್ ಅಲ್ಲ, ಪರದೆ ಮೇಲೆ ಬರೋ ಫ್ಲ್ಯಾಶ್ ಮೆಸೇಜ್. ಸಿಮ್ ಟೂಲ್‌ಕಿಟ್‌ನಲ್ಲಿ ಸ್ಟಾಪ್ ಮಾಡಿದೀನಿ, ಆದ್ರೂ ನಿಂತಿಲ್ಲ. ನಿಮ್ಮ ಕಡೆಯಿಂದ ನನ್ನ ನಂಬರಿಗೆ ಫ್ಲ್ಯಾಶ್ ಪ್ರಮೋಶನ್ ಬಂದ್ ಮಾಡಿ, ದೂರಿನ ನಂಬರ್ ಕೊಡಿ.'

ದೂರಿನ ಸಂಖ್ಯೆ ಸಿಗದೆ ಕರೆ ಮುಗಿಸಬೇಡಿ. ಕೊಟ್ಟ ಉತ್ತರ ಸರಿಯೆನಿಸದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಹಂತ 1ರಲ್ಲಿ ತೆಗೆದ ಫೋಟೊ, ತಾರೀಖು, ಹೊತ್ತು ಆಗ ಕೆಲಸಕ್ಕೆ ಬರುತ್ತವೆ.

## ಮುಟ್ಟಬಾರದ ಸ್ವಿಚ್

'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಎಂಬುದು ಸೆಟ್ಟಿಂಗ್ಸ್‌ನಲ್ಲಿ 'ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ' ಒಳಗೆ ಸಿಗುತ್ತದೆ. ಪಾಪ್-ಅಪ್ ಕಾಟಕ್ಕೆ ಬೇಸತ್ತವರು ಇದನ್ನೂ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನ್‌ಗಳೆಲ್ಲ ಒಮ್ಮೆಲೇ ಸೈರನ್‌ನಂತೆ ಕೂಗಿದ್ದು ಇದರ ಪರೀಕ್ಷೆಗಾಗಿ. ಭದ್ರಾ ನೀರು ಬಿಟ್ಟು ತುಂಗಭದ್ರೆ ಏರುವಾಗ ಹೊನ್ನಾಳಿ, ಹರಿಹರದ ಹೊಳೆದಂಡೆಯ ಮನೆಗಳಿಗೆ ನಡುರಾತ್ರಿ ಎಚ್ಚರಿಸಬಲ್ಲ ದಾರಿ ಇದು. ಅದರಲ್ಲಿ ಜಾಹೀರಾತು ಬರುವುದಿಲ್ಲ.

ಕೀಪ್ಯಾಡ್ ಫೋನ್‌ನ ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿರುವ 'ಸೆಲ್ ಬ್ರಾಡ್‌ಕಾಸ್ಟ್' ಆಫ್ ಮಾಡಿದರೆ ಕೆಲವು ಸಿಮ್‌ಗಳ ಚೌಕ ನಿಲ್ಲುತ್ತದೆ ನಿಜ. ಆದರೆ ತುರ್ತು ಎಚ್ಚರಿಕೆಗಳು ಬರುವುದೂ ಅದೇ ದಾರಿಯಲ್ಲಿ. ಉಳಿದದ್ದೆಲ್ಲ ಸೋತ ಮೇಲಷ್ಟೇ ಅದನ್ನು ಮುಟ್ಟಿ, ಹೊಳೆದಂಡೆಯ ಊರಿನವರಾದರೆ ಮುಟ್ಟಲೇಬೇಡಿ.

## ಈ ಗುರುತು ಕಂಡರೆ ಅಲ್ಲೇ ನಿಲ್ಲಿ

ಪಾಪ್-ಅಪ್ ನಿಲ್ಲಿಸಿಕೊಡುತ್ತೇವೆ ಎಂದು ಯಾರಾದರೂ ತಾವಾಗಿ ಕರೆ ಮಾಡಿ *401* ಒತ್ತಿ ಇಂಥ ನಂಬರ್ ಸೇರಿಸಿ ಎಂದರೆ ಫೋನ್ ಇಟ್ಟುಬಿಡಿ. ಅದು ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಕೋಡ್, ದೂರಸಂಪರ್ಕ ಇಲಾಖೆಯೇ 2024ರ ಜನವರಿಯಲ್ಲಿ ಇದರ ಬಗ್ಗೆ ಎಚ್ಚರಿಸಿದೆ. ಆಗಲೇ ಒತ್ತಿದ್ದರೆ ##002# ಡಯಲ್ ಮಾಡಿ ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಿ, 198ಕ್ಕೂ ತಿಳಿಸಿ. ಒಟಿಪಿ ಕೇಳುವುದು, ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್ ಫೈಲ್ ಕಳಿಸಿ ಹಾಕಿಕೊಳ್ಳಿ ಎನ್ನುವುದು, ಪರದೆ ಹಂಚಿಕೊಳ್ಳಿ ಎನ್ನುವುದು, ಇವೂ ಅದೇ ಜಾತಿ. 1909, 155223, 198 ಈ ಮೂರಕ್ಕೂ ನೀವು ಕರೆ ಮಾಡುತ್ತೀರಿ, ಅಲ್ಲಿ ಯಾರೂ ಬ್ಯಾಂಕ್ ಒಟಿಪಿ ಕೇಳುವುದಿಲ್ಲ.

'ಸಿಮ್ ಬಂದ್ ಆಗಲಿದೆ' ಎಂಬ ಪಾಪ್-ಅಪ್ ಬಂದು, ಅದಾದ ಮೇಲೆ ಟವರ್ ಗುರುತು ಮಾಯವಾಗಿ ಗಂಟೆಗಟ್ಟಲೆ ಬಾರದಿದ್ದರೆ, ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಾಗಿದ್ದರೆ, ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಸಿಮ್ ತೆಗೆದಿರುವ ಸಾಧ್ಯತೆ ಇದೆ. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಆಮೇಲೆ ಸಿಮ್ ಕಂಪನಿಗೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಹೋಗದೆ ಬರೀ ಅನುಮಾನದ ಕರೆ, ಮೆಸೇಜ್ ಆದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ದಾಖಲಿಸಿ.

## ಸಿಮ್ ಬದಲಿಸಿದರೆ

'ಸ್ಟಾಪ್' ಆಯ್ಕೆ ಉಳಿಯುವುದು ಸಿಮ್ ಚಿಪ್‌ನಲ್ಲಿ. ಆದ್ದರಿಂದ ಹೊಸ ಫೋನ್ ಕೊಂಡು ಹಳೆಯ ಸಿಮ್ ಹಾಕಿದರೆ ಹಂತ 4 ಮತ್ತೆ ಮಾಡಬೇಕಿಲ್ಲ, ಹಂತ 6 ಮಾತ್ರ ಮಾಡಬೇಕು. ಸಿಮ್ ಕಳೆದು ಹೊಸದು ತೆಗೆದರೆ, 4ಜಿಯಿಂದ 5ಜಿ ಸಿಮ್‌ಗೆ ಹೋದರೆ, ಇಲ್ಲವೇ ಬೇರೆ ಕಂಪನಿಗೆ ಪೋರ್ಟ್ ಆದರೆ ಹೊಸ ಸಿಮ್‌ನಲ್ಲಿ ಎಲ್ಲವೂ ಚಾಲೂ ಆಗಿಯೇ ಬರಬಹುದು. 24 ಗಂಟೆ ಕಳೆದು ಎಸ್‌ಎಂಎಸ್ ಓಡಾಡಲು ಶುರುವಾದ ಕೂಡಲೇ, ಮೊದಲ ಚೌಕ ಬರುವ ಮುಂಚೆಯೇ ಸಿಮ್ ಮೆನು ತೆರೆದು 'ಸ್ಟಾಪ್' ಒತ್ತಿ, 1909ಕ್ಕೆ ಮತ್ತೊಮ್ಮೆ 'ಸ್ಟಾರ್ಟ್ 0' ಕಳಿಸಿ.